ಆಕಾಶದಲ್ಲಿ ಖಾಲಿ ಜಾಗ ಇಲ್ಲ

ಬೆಳಿಗ್ಗೆ ಏಳೂವರೆಗೆ ಪೆಟ್ಟಿಗೆಯ ಪುಟ್ಟ ಪರದೆಯ ಮೇಲೆ ಸೊನ್ನೆ ಬಂತು.

ಹಣಮೇಶ ಅಂಗಿಯ ಚುಂಗಿನಿಂದ ಪರದೆ ಒರೆಸಿದ. ಸೊನ್ನೆ ಅಳಿಯಲಿಲ್ಲ, ಇನ್ನಷ್ಟು ಹೊಳೆಯಿತು. ನಲವತ್ತು ದಿನ ತಪ್ಪದೆ ಹನ್ನೊಂದು ತೋರಿಸಿದ್ದ ಪೆಟ್ಟಿಗೆ, ಬೆಂಗಳೂರಿನಿಂದ ದೊಡ್ಡ ಸಾಹೇಬರು ಪರೀಕ್ಷೆಗೆ ಬರುವ ದಿನವೇ, ಬೀಗರೆದುರಿಗೆ ಹಾಲು ಕೊಡದೆ ಒದೆಯುವ ಎಮ್ಮೆಯ ಹಾಗೆ ಮುಖ ತಿರುಗಿಸಿತ್ತು.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ಕೋಣಗಲ್ಲ ಸಿಗುತ್ತದೆ. ಊರಿನ ಸುತ್ತ ಆನೆ ಗಾತ್ರದ ಬಂಡೆಗಳು. ಫೋನಿನ ಸಿಗ್ನಲ್ ಆ ಬಂಡೆಗಳವರೆಗೆ ಬಂದು, ಒಳಗೆ ಬರಲು ದಾರಿ ಕಾಣದೆ ಹಿಂದಿರುಗುತ್ತಿತ್ತು. ಅದಕ್ಕೇ ರೇಷನ್ ಅಂಗಡಿಯವನು ತಿಂಗಳಿಗೊಮ್ಮೆ ಹೆಬ್ಬೆಟ್ಟಿನ ಯಂತ್ರವನ್ನು ದೊಡ್ಡ ಬಂಡೆಯ ನೆತ್ತಿಗೆ ಹೊತ್ತೊಯ್ಯುತ್ತಿದ್ದ. ಮುದುಕರು, ಬಸುರಿಯರು, ಮೊಣಕಾಲು ನೋವಿನವರು ಎಲ್ಲರೂ ಅವನ ಹಿಂದೆ ಏರುತ್ತಿದ್ದರು. ರಸ್ತೆಯ ಮೇಲೆ ಬಸ್ಸಿನಲ್ಲಿ ಹೋಗುವವರು ಅದನ್ನು ಕಂಡು, ಯಾವುದೋ ಹರಕೆ ಇರಬೇಕು ಎಂದು ಕುಳಿತಲ್ಲೇ ಕೈಮುಗಿಯುತ್ತಿದ್ದರು.

ಆ ಕಷ್ಟ ತಪ್ಪಿಸಲೆಂದೇ ಪೆಟ್ಟಿಗೆ ಬಂದಿತ್ತು, ಪ್ರಯೋಗಕ್ಕೆ. ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುವ ಹಣಮೇಶನ ಸುಪರ್ದಿಗೆ ಕೊಟ್ಟಿದ್ದರು. ಅದನ್ನು ಕೂರಿಸಲು ಯಾದಗಿರಿಯಿಂದ ಬಂದ ಇಂಜಿನಿಯರ್ ಕಲ್ಪನಾ, ಗ್ರಂಥಾಲಯದ ಮಾಳಿಗೆಯ ಮೇಲೆ ಮೀನಿನ ಎಲುಬಿನಂಥ ಆಂಟೆನಾ ನಿಲ್ಲಿಸಿ ಹೇಳಿದ್ದಳು:

“ನೋಡ್ರಿ ಹಣಮೇಶ, ಟೀವಿಗಂತ ಹಿಂದ ಆಕಾಶನ ಪಟ್ಟಿ ಪಟ್ಟಿ ಹಂಚಿಟ್ಟಾರ, ಹೊಲ ಹಂಚಿದಂಗ. ನಿಮ್ಮ ಊರ ಮ್ಯಾಲ ಅದರಾಗ ಹನ್ನೊಂದು ಪಟ್ಟಿ ಬೀಳು ಬಿದ್ದಾವ. ಯಾರೂ ಬಿತ್ತಂಗಿಲ್ಲ. ಆ ಪಟ್ಟಿ ಹಿಡಕೊಂಡು ಬರೋ ಸಿಗ್ನಲ್ಲು ಗುಡ್ಡ ಬಳಸಿ, ಗಿಡದಾಗ ಹಾದು ಬರ್ತದ.”

“ಹಂಗಾರ ಸುಮ್ನ ಬಳಸಿದ್ರಾತಲ್ರಿ ಮೇಡಂ.”

“ಕೇಳದ ಬಳಸಂಗಿಲ್ಲ. ದೂರದಾಗ ಒಂದು ದಫ್ತರ ಅದ. ಯಾವ ಊರ ಮ್ಯಾಲ ಯಾವ ಪಟ್ಟಿ ಖಾಲಿ, ಎಷ್ಟು ಹೊತ್ತಿನ ತನಕ ಖಾಲಿ, ಎಲ್ಲಾ ಅದರಾಗ ಬರದಿರ್ತದ. ಈ ಪೆಟ್ಟಿಗಿ ಮದಲು ತನ್ನ ಹೆಸರು ಹೇಳ್ತದ. ತಾ ನಿಂತ ಜಾಗ ಹೇಳ್ತದ. ಆಂಟೆನಾ ಎಷ್ಟು ಎತ್ತರ ಅದ ಅಂತ ಹೇಳ್ತದ. ಆಮ್ಯಾಲ, ಇಲ್ಲಿ ನನಗ ಜಾಗ ಅದ ಏನು ಅಂತ ಕೇಳ್ತದ. ಇಂಥಾ ಪಟ್ಟಿ, ಇಷ್ಟೇ ಜೋರು, ಇಷ್ಟು ಗಂಟಿ ತನಕ ಅಂತ ದಫ್ತರ ಉತ್ತರ ಕಳಸ್ತದ. ತಗೊಂಡ ಮ್ಯಾಲ, ಇದನ್ನ ತಗೊಂಡೇನಿ ಅಂತ ತಿರುಗಿ ತಿಳಸ್ಬೇಕು. ನೂರು ಮೀಟರ್ ಸರದ್ರ ಮತ್ತ ಮದಲಿಂದ ಕೇಳ್ಬೇಕು.”

ಕಲ್ಪನಾ ಇಳಿದುಹೋದ ಮೇಲೂ ಹಣಮೇಶ ಮಾಳಿಗೆಯ ಮೇಲೆಯೇ ನಿಂತಿದ್ದ. ಮೂವತ್ತೆಂಟು ವರ್ಷ ಅವನು ಅದನ್ನು ಬರೀ ಆಕಾಶ ಎಂದುಕೊಂಡಿದ್ದ. ಮಳೆ ಬರುತ್ತದೋ ಇಲ್ಲವೋ ಎಂದು ನೋಡಲಷ್ಟೇ ತಲೆ ಎತ್ತಿದ್ದ. ಈಗ ನೋಡಿದರೆ ಅಲ್ಲಿ ಬದುಗಳಿವೆ, ಹದ್ದುಗಳಿವೆ. ಹನ್ನೊಂದು ಬೀಳು ಪಟ್ಟಿಗಳು ಇಷ್ಟು ದಿನ ಅವನ ನೆತ್ತಿಯ ಮೇಲೆಯೇ ಸದ್ದಿಲ್ಲದೆ ಬಿದ್ದುಕೊಂಡಿವೆ. ಒಂದು ಕೊಕ್ಕರೆ ಸಾಲು ಹಾದುಹೋಯಿತು. ಎಷ್ಟು ಬದು ದಾಟಿದೆವೆಂದು ಅವಕ್ಕೂ ಗೊತ್ತಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ ಅವನನ್ನು ಬೆರಗುಗೊಳಿಸಿದ್ದು ಪೆಟ್ಟಿಗೆಯ ಮರ್ಯಾದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ಸೀಮೆಯಲ್ಲಿ, ಯಾರೂ ಇಲ್ಲದ ಗಾಳಿಯಲ್ಲಿ ಕೂರಲು ಕೂಡ ಅಪ್ಪಣೆ ಕೇಳುವ ಯಂತ್ರ!

ಅಂದಿನಿಂದ ಅವನು ಸ್ನಾನ ಮಾಡಿಯೇ ಪೆಟ್ಟಿಗೆ ಮುಟ್ಟುತ್ತಿದ್ದ. ಪೆಟ್ಟಿಗೆಯೊಳಗೆ ಒಂದು ಹಳೆಯ ಸಿಮ್ ಇತ್ತು. ಬಂಡೆಗಳ ಸಂದಿನಿಂದ ಹೇಗೋ ನುಸುಳಿ ಬರುವ ಅದರ ಸಿಗ್ನಲ್ಲಿಗೆ ಒಂದು ಪ್ರಶ್ನೆ ಒಯ್ದು ಒಂದು ಉತ್ತರ ತರುವಷ್ಟು ಬಲ ಇತ್ತೇ ಹೊರತು ಹೆಬ್ಬೆಟ್ಟು ಹೊರುವಷ್ಟು ಇರಲಿಲ್ಲ. ಪ್ರಶ್ನೆ ಹೋಗುತ್ತಿತ್ತು, ಹನ್ನೊಂದು ಎಂದು ಉತ್ತರ ಬರುತ್ತಿತ್ತು, ಸುರಪುರದ ಕಡೆಯ ಗುಡ್ಡದ ಮೇಲಿನ ಗೋಪುರದಿಂದ ಖಾಲಿ ಪಟ್ಟಿಗುಂಟ ಇಂಟರ್ನೆಟ್ ಹರಿದು ಬರುತ್ತಿತ್ತು. ಹೋದ ತಿಂಗಳು ಕೋಣಗಲ್ಲದ ಮುದುಕರು ಮೊದಲ ಸಲ ಬಂಡೆ ಹತ್ತದೆ ಅಕ್ಕಿ ತಂದಿದ್ದರು.

ಇವತ್ತು ಸೊನ್ನೆ.

ಮಾಳಿಗೆಯ ಈಶಾನ್ಯ ಮೂಲೆಯಲ್ಲಿ ಒಂಟಿಕಾಲಲ್ಲಿ ನಿಂತರೆ ಮಾತಾಡುವಷ್ಟು ಸಿಗ್ನಲ್ ಸಿಗುತ್ತಿತ್ತು. ಹಣಮೇಶ ಅಲ್ಲಿ ನಿಂತು ಕಲ್ಪನಾಳಿಗೆ ಫೋನ್ ಮಾಡಿದ. ಅವಳು ಆಗಲೇ ಸಾಹೇಬರ ಜೊತೆ ಯಾದಗಿರಿಯಲ್ಲಿದ್ದಳು; ದನಿ ಇಳಿಸಿ ಮಾತಾಡಿದಳು.

“ಯಾರೋ ನಿಮ್ಮ ಊರ ಮ್ಯಾಲಿನ ಪಟ್ಟಿ ಬುಕ್ ಮಾಡ್ಯಾರ.”

“ಹನ್ನೊಂದೂ?”

“ಹನ್ನೊಂದೂ. ಏನು ಖಾಲಿ ಅದ ಅಂತಷ್ಟೇ ದಫ್ತರ ಹೇಳ್ತದ, ಯಾರು ತಗೊಂಡಾರ ಅಂತ ಹೇಳಂಗಿಲ್ಲ. ನಾ ಮ್ಯಾಲಿನ ಆಫೀಸಿಗೆ ಬರದು ಕೇಳ್ತೀನಿ, ಉತ್ತರ ಬರೋದು ಸಂಜಿ ಆಗ್ತದ. ಅಲ್ಲಿ ತನಕ ನೀವು ಪೆಟ್ಟಿಗಿ ತಗೊಂಡು ಜಾಗ ಬದಲಿ ಮಾಡಿ ನೋಡ್ರಿ. ಎಲ್ಲಿ ಖಾಲಿ ಸಿಗ್ತದೋ ಅಲ್ಲೇ ಸಾಹೇಬರಿಗೆ ತೋರ್ಸೋಣು. ಸಿಗಲಿಲ್ಲಂದ್ರ ಪೆಟ್ಟಿಗಿ ಗುರುಮಠಕಲ್ ಕಡಿ ಹೋಗ್ತದ. ಅಲ್ಲಿನ ಊರವರು ಪಾಳಿ ಹಚ್ಚಿ ಕುಂತಾರ.”

ಹಣಮೇಶನ ಎತ್ತಿದ ಕಾಲು ತಾನಾಗಿ ಇಳಿಯಿತು. ಫೋನೂ ಕಟ್ಟಾಯಿತು.

ಕೆಳಗೆ ಲಾಲಮ್ಮ ಬಂದು ಕುಳಿತಿದ್ದಳು. ಊರಿನಿಂದ ಎರಡು ಕಿಲೋಮೀಟರ್ ಆಚೆಯ ಕುರಿಹಟ್ಟಿಯಾಕೆ. ಕಲ್ಲು, ಕಟ್ಟಿಗೆ, ಕುರಿ ಉಣ್ಣೆ ಹಿಡಿದೂ ಹಿಡಿದೂ ಆಕೆಯ ಹೆಬ್ಬೆರಳಿನ ಗೆರೆಗಳು ಸವೆದಿದ್ದವು. ಆಕೆಯ ಹೆಬ್ಬೆಟ್ಟನ್ನೇ ಯಂತ್ರ ಒಪ್ಪಿದರೆ ಇನ್ಯಾರದನ್ನೂ ಒಪ್ಪುತ್ತದೆ ಎಂದು ಸಾಹೇಬರ ಮುಂದೆ ಒತ್ತಲು ಆಕೆಯನ್ನೇ ಗೊತ್ತು ಮಾಡಿದ್ದರು. ಆ ಹೆಬ್ಬೆರಳನ್ನು ಲಾಲಮ್ಮ ಬೆಳಗಿನ ಜಾವವೇ ಸೀಗೆಪುಡಿಯಿಂದ ತಿಕ್ಕಿ, ಬಿಳಿ ಬಟ್ಟೆ ಸುತ್ತಿ, ಹಸುಗೂಸಿನ ಹಾಗೆ ಎದೆಗೆ ಒತ್ತಿ ಹಿಡಿದುಕೊಂಡಿದ್ದಳು.

“ಯಾಕೋ ತಮ್ಮಾ, ಮುಖ ಸಣ್ಣದು ಮಾಡೀದಿ?”

“ಆಕಾಶದಾಗ ಜಾಗ ಖಾಲಿ ಇಲ್ಲಂತ ಆಯಿ.”

ಲಾಲಮ್ಮ ತಲೆ ಎತ್ತಿ ನೋಡಿದಳು. ಒಂದು ಮೋಡವೂ ಇರಲಿಲ್ಲ. “ನನಗೇನೋ ಎಲ್ಲಾ ಖಾಲಿನ ಕಾಣಾಕತ್ತೈತಿ,” ಎಂದಳು.

ಪೆಟ್ಟಿಗೆ, ಬ್ಯಾಟರಿ, ಇಪ್ಪತ್ತು ಅಡಿಯ ಕೊಳವೆ, ಹೆಬ್ಬೆಟ್ಟಿನ ಯಂತ್ರ, ಲಾಲಮ್ಮ ಇಷ್ಟನ್ನೂ ಹೊರಲು ಊರಿನಲ್ಲಿ ಒಂದೇ ವಾಹನ ಇತ್ತು, ಪಂಚಾಯ್ತಿಯ ಕಸದ ಗಾಡಿ. ಅದರ ಬೀಗದ ಕೈ ತಿರುವಿದರೆ ಸ್ವಚ್ಛತೆಯ ಹಾಡು ತಾನಾಗಿ ಶುರುವಾಗುತ್ತಿತ್ತು, ಗಾಡಿ ಆರಿಸುವವರೆಗೂ ನಿಲ್ಲುತ್ತಿರಲಿಲ್ಲ. ಹಣಮೇಶ ಮೊದಲು ಶಾಲೆಯ ಹತ್ತಿರ ನಿಲ್ಲಿಸಿ ಕೊಳವೆ ಎತ್ತಿದ. ಪೆಟ್ಟಿಗೆ ತನ್ನ ಹೆಸರು ಹೇಳಿತು, ಜಾಗ ಹೇಳಿತು, ಎತ್ತರ ಹೇಳಿತು, ಕೇಳಿತು. ಸೊನ್ನೆ. ಅಷ್ಟರಲ್ಲಿ ಹಾಡು ಕೇಳಿದ ಹೆಂಗಸರು ನಾಲ್ಕೂ ಓಣಿಯಿಂದ ಬುಟ್ಟಿ ಹಿಡಿದು ಬಂದರು.

“ಕಸ ಅಲ್ರವ್ವ, ಖಾಲಿ ಜಾಗ ಹುಡುಕಾಕತ್ತೇನಿ,” ಎಂದ ಹಣಮೇಶ.

“ಗಾಡ್ಯಾಗೇ ಐತಲ್ಲೋ ಖಾಲಿ ಜಾಗ,” ಎಂದು ಒಬ್ಬಾಕೆ ಬುಟ್ಟಿ ಸುರಿದೇಬಿಟ್ಟಳು. ಲಾಲಮ್ಮ ಹೆಬ್ಬೆರಳನ್ನು ಮೇಲೆತ್ತಿ ಹಿಡಿದು ಕಾಪಾಡಿಕೊಂಡಳು.

ಹನುಮಂತ ದೇವರ ಕಟ್ಟೆಯ ಹತ್ತಿರ ಸೊನ್ನೆ. ಹಿಟ್ಟಿನ ಗಿರಣಿಯ ಹಿಂದೆ ಸೊನ್ನೆ. ಹೋದಲ್ಲೆಲ್ಲ ಮಾತು ಅವನಿಗಿಂತ ಮುಂದೆ ಹೋಗುತ್ತಿತ್ತು. ಗಿರಣಿಯಲ್ಲಿ “ಖಾಲಿ ಜಾಗ ನೋಡಾಕತ್ತಾನ” ಎಂದಿದ್ದದ್ದು ಬಸ್‌ಸ್ಟ್ಯಾಂಡಿಗೆ ಮುಟ್ಟುವಷ್ಟರಲ್ಲಿ “ಖಾಲಿ ಜಾಗ ಸರ್ಕಾರ ಬರಕೊಳ್ಳಾಕತ್ತೈತಿ” ಎಂದಾಗಿತ್ತು. ಅರ್ಧ ಗಂಟೆಯಲ್ಲಿ ಕೋಣಗಲ್ಲದಲ್ಲಿ ಖಾಲಿ ಎನ್ನುವ ಜಾಗ ಒಂದೂ ಉಳಿಯಲಿಲ್ಲ. ಹತ್ತು ವರ್ಷದಿಂದ ಬರಿದಾಗಿ ಬಿದ್ದಿದ್ದ ಹಿತ್ತಿಲಲ್ಲಿ ಯಾರೋ ಕಟ್ಟಿಗೆ ಒಟ್ಟಿದರು. ಇನ್ನೊಬ್ಬ ಮಂಚ ತಂದು ಹಾಕಿ, ಅದರ ಮೇಲೆ ತನ್ನ ಮಾವನನ್ನು ಮಲಗಿಸಿದ. ಏಳಬಾರದೆಂದು ಮಾವನಿಗೆ ಹೇಳಿ ಚಹಾ ಕೊಟ್ಟ.

ಹೆಚ್ಚು ಗಾಬರಿಯಾದದ್ದು ಭಗವಂತರಾಯನಿಗೆ. ಪಂಚಾಯ್ತಿಗೆ ಅಧ್ಯಕ್ಷೆ ಅವನ ಹೆಂಡತಿ ರೇಣಮ್ಮ; ಆದರೆ ಕುರ್ಚಿ, ಶಿಕ್ಕೆ, ಸಿಟ್ಟು ಮೂರೂ ಅವನ ಹತ್ತಿರ ಇದ್ದವು. ಅವನ ಮನೆಯ ಹಿಂದಿನ ದನದ ಕೊಟ್ಟಿಗೆ ಪಂಚಾಯ್ತಿಯ ಜಾಗದ ಮೇಲೆ ನಿಂತಿರುವುದು ಊರಿಗೆಲ್ಲ ಗೊತ್ತಿತ್ತು, ಕಾಗದಕ್ಕೆ ಮಾತ್ರ ಗೊತ್ತಿರಲಿಲ್ಲ. ಹಣಮೇಶ ಆ ಕೊಟ್ಟಿಗೆಯ ಮಗ್ಗುಲಲ್ಲಿ ಕೊಳವೆ ಎತ್ತಿದ್ದೇ ತಡ, ಭಗವಂತರಾಯ ಧೋತರದ ಚುಂಗು ಹಿಡಿದು ಓಡಿಬಂದ.

“ಏನಲೇ ಇದು?”

“ಇಲ್ಲಿ ಖಾಲಿ ಐತೇನು ಅಂತ ಕೇಳಾಕತ್ತೈತ್ರಿ ಗೌಡ್ರ.”

“ಯಾರಿಗಿ ಕೇಳ್ತದ?”

“ಮ್ಯಾಲಿನ ದಫ್ತರಕ್ಕರೀ. ಎಲ್ಲಾ ಜಾಗದ ಲೆಕ್ಕ ಅಲ್ಲಿ ಇರ್ತೈತಿ.”

ಭಗವಂತರಾಯನ ಮುಖದ ಬಣ್ಣ ಇಳಿಯಿತು. ಪೆಟ್ಟಿಗೆಯ ಹಸಿರು ದೀಪ ಮಿಣುಕುತ್ತಿತ್ತು. ಮೂವರೂ ಉಸಿರು ಹಿಡಿದು ನೋಡಿದರು. ಒಬ್ಬೊಬ್ಬರು ಒಂದೊಂದು ಕಾರಣಕ್ಕೆ.

“ಸೊನ್ನಿರಿ,” ಎಂದ ಹಣಮೇಶ, ಅಳುವ ದನಿಯಲ್ಲಿ. “ಇಲ್ಲಿ ಒಂದಿಂಚೂ ಖಾಲಿ ಇಲ್ಲಂತ.”

“ಸರ್ಕಾರದ ಯಂತ್ರನ ಹಂಗಂತು?”

“ಹೌದ್ರಿ.”

ಭಗವಂತರಾಯ ಪೆಟ್ಟಿಗೆಗೆ ಎರಡೂ ಕೈ ಜೋಡಿಸಿದ. ಕೊಟ್ಟಿಗೆಯ ಮೇಲಿನ ಗಾಳಿ ಕೂಡ ತನ್ನದೇ ಎಂದು ಮೇಲಿನಿಂದ ಬಂದ ಈ ತೀರ್ಪು ಅವನ ಕಣ್ಣು ತೇವ ಮಾಡಿತು. ಆ ಉತ್ತರವನ್ನು ಕಾಗದದ ಮೇಲೆ ಬರೆಸಿ ಸಹಿ ಹಾಕಿಸಿಕೊಂಡ. ಬರೆಯದೆ ಗಾಡಿ ಬಿಡುವಂತಿರಲಿಲ್ಲ. ಬೀಗದ ಕೈ ಅವನ ಮುಷ್ಟಿಯಲ್ಲಿತ್ತು. ‘ಕೋಣಗಲ್ಲ ಗ್ರಾಮದ ಒಳಗೆ ಎಲ್ಲಿಯೂ ಖಾಲಿ ಜಾಗ ಇರುವುದಿಲ್ಲ’ ಎಂದು ಹಣಮೇಶ ಬರೆದುಕೊಟ್ಟ. ಅದರ ಮೇಲೆ ಪಂಚಾಯ್ತಿಯ ಶಿಕ್ಕೆ ಬಿತ್ತು.

ಗಂಟೆ ಒಂದಾಗಿತ್ತು. ಊರ ನಡುವೆ ಸಭೆಯ ಪೆಂಡಾಲ್ ಏಳುತ್ತಿತ್ತು. ಸುರಪುರದ ಮೈಕ್‌ಸೆಟ್ಟಿನ ಅಮೀನುದ್ದೀನ ಏಣಿಯ ಮೇಲೆ ನಿಂತು ಸ್ಪೀಕರ್ ಕಟ್ಟುತ್ತಿದ್ದ. “ಏನಾತು ಭಾಯಿ?” ಎಂದು ಕೇಳಿದ. ಹಣಮೇಶ ಕೈಯಾಡಿಸಿ ಗಾಡಿ ಓಡಿಸಿದ. ಊರು ದಾಟಿದ. ಹಳ್ಳ ದಾಟಿದ. ತೊಗರಿ ಹೊಲದ ಬದಿಯಲ್ಲಿ ಸೊನ್ನೆ. ಕಾಲುವೆಯ ಸೇತುವೆಯ ಮೇಲೆ ಸೊನ್ನೆ. ಹತ್ತೊಂಬತ್ತು ಸಲ ಪೆಟ್ಟಿಗೆ ಕೇಳಿತ್ತು, ಹತ್ತೊಂಬತ್ತು ಸಲವೂ ಅದೇ ವಿನಯದಿಂದ, ಮೊದಲಿಂದ ತನ್ನ ಹೆಸರು ಹೇಳಿಕೊಂಡು. ಹತ್ತೊಂಬತ್ತು ಸಲವೂ ದಫ್ತರ ಬೇಸರವಿಲ್ಲದೆ ಹುಡುಕಿ ಇಲ್ಲವೆಂದಿತ್ತು. ಒಂದು ಸಲವೂ ಗದರಿರಲಿಲ್ಲ. ಇಂಥ ಆಫೀಸೊಂದು ಭೂಮಿಯ ಮೇಲೆ ಇರುವುದೇ ದೊಡ್ಡದು ಎನಿಸಿ, ಅಷ್ಟು ಸಂಕಟದಲ್ಲೂ ಹಣಮೇಶ ಪೆಟ್ಟಿಗೆಯ ನೆತ್ತಿ ಸವರಿದ.

“ನಮ್ಮ ಹಟ್ಟಿ ಬಂತು,” ಎಂದಳು ಲಾಲಮ್ಮ. “ಇಳಿ. ರೊಟ್ಟಿ ತಿನ್ನು. ಆಮ್ಯಾಲ ಅಳುವಂತಿ.”

ಹಟ್ಟಿ ಎಂದರೆ ಮುಳ್ಳಿನ ಬೇಲಿ, ಒಂದು ತಗಡಿನ ಸೂರು, ನಡುವೆ ನೂರಿಪ್ಪತ್ತು ಕುರಿ. ಹಣಮೇಶ ಒಂದು ಕೈಯಲ್ಲಿ ರೊಟ್ಟಿ ಹಿಡಿದು, ಇನ್ನೊಂದು ಕೈಯಿಂದ ಸುಮ್ಮನೆ ರೂಢಿಗೆಂಬಂತೆ ಗುಂಡಿ ಒತ್ತಿದ. ದೀಪ ಮಿಣುಕಿತು. ಪರದೆ ಬದಲಾಯಿತು.

ಹನ್ನೊಂದು.

ರೊಟ್ಟಿ ಕೈಯಿಂದ ಬಿತ್ತು. ಒಂದು ಟಗರು ಅದನ್ನು ಎತ್ತಿಕೊಂಡು ಹೋಯಿತು. ಹಣಮೇಶನಿಗೆ ಅದರ ಪರಿವೆ ಇರಲಿಲ್ಲ. ಒಂದರ ಕೆಳಗೊಂದು ಹನ್ನೊಂದು ಸಾಲು: ಇಲ್ಲಿಂದ ಇಲ್ಲಿಯವರೆಗೆ, ಇಷ್ಟು ಜೋರು, ನಾಳೆ ಬೆಳಗಿನವರೆಗೆ. ಕುರಿಗಳ ಮೇಲೆ, ಮುಳ್ಳಿನ ಬೇಲಿಯ ಮೇಲೆ, ಯಾರಿಗೂ ಬೇಡವಾದ ಈ ಬಂಜರು ತುಂಡಿನ ಮೇಲೆ ಕೂಡ ಯಾರೋ ಲೆಕ್ಕ ಇಟ್ಟಿದ್ದಾರೆ. ನಿನಗೆ ಜಾಗ ಇದೆ ಎನ್ನುತ್ತಿದ್ದಾರೆ.

“ಆಯಿ, ಬೆರಳಿನ ಬಟ್ಟಿ ಬಿಚ್ಚು.”

ಲಾಲಮ್ಮ ಹೆಬ್ಬೆರಳು ಬಿಚ್ಚಿ ಯಂತ್ರದ ಗಾಜಿನ ಮೇಲೆ ಇಟ್ಟಳು. ಒಂದು ಕುರಿ ಕೂಗಲು ಬಾಯಿ ತೆರೆದಿತ್ತು. ಅದು ಕೂಗಿ ಮುಗಿಸುವುದರೊಳಗೆ ಯಂತ್ರ ‘ಒಪ್ಪಿಗೆಯಾಗಿದೆ’ ಎಂದಿತು.

ಆಕೆ ಬಹಳ ಹೊತ್ತು ತನ್ನ ಹೆಬ್ಬೆರಳನ್ನು ನೋಡಿದಳು. ಆಮೇಲೆ ಮೇಲೆ ನೋಡಿದಳು. “ಈಗ ಇದು ಇಲ್ಲಿಂದ ಹಾದು ಹೋತೇನೋ? ನನ್ನ ಕುರಿ ಮ್ಯಾಲಿಂದ?”

“ಬೆಂಗಳೂರಿಗಿ ಹೋಗಿ, ಇದು ಲಾಲಮ್ಮಂದ ಹೌದೇನು ಅಂತ ಕೇಳಿಕೊಂಡು, ತಿರುಗಿ ಬಂತು.”

“ಇಷ್ಟು ವರ್ಷ ನಾ ಸುಮ್ನ ಆ ಬಂಡಿಗಲ್ಲು ಹತ್ತೀನಲ್ಲೋ,” ಎಂದು ಲಾಲಮ್ಮ ಮೆಲ್ಲಗೆ ಹೇಳಿ, ಸೆರಗಿನಿಂದ ಪೆಟ್ಟಿಗೆಯ ಧೂಳು ಒರೆಸಿದಳು.

ಹಣಮೇಶ ಅದೇ ಇಂಟರ್ನೆಟ್ಟಿನಲ್ಲಿ ಕಲ್ಪನಾಳಿಗೆ ಸುದ್ದಿ ಮುಟ್ಟಿಸಿದ್ದ; ಮೂರೂವರೆಗೆ ಸಾಹೇಬರ ಜೀಪು ಹಟ್ಟಿಗೇ ಬಂತು. ಜೊತೆಗೆ ಕಲ್ಪನಾ, ಹಿಂದಿನ ಸೀಟಿನಲ್ಲಿ ಊರಲ್ಲಿ ಹತ್ತಿಕೊಂಡ ಭಗವಂತರಾಯ. ಸಾಹೇಬರು ಬೂಟಿನ ಕೆಳಗಿನ ಹಿಕ್ಕೆಯನ್ನೂ ಲೆಕ್ಕಿಸದೆ ಪರದೆ ನೋಡಿದರು. ಲಾಲಮ್ಮ ಮೂರು ಸಲ ಹೆಬ್ಬೆಟ್ಟು ಒತ್ತಿದಳು, ಮೂರು ಸಲವೂ ಒಪ್ಪಿಗೆಯಾಯಿತು. ಸಾಹೇಬರು ಕನ್ನಡಕ ತೆಗೆದರು.

“ಅದ್ಭುತ. ಇಂಥ ಕಡೆಯೂ ಕೆಲಸ ಮಾಡುತ್ತೆ ಅಂದರೆ ಇನ್ನೇನು ಬೇಕು? ಪೆಟ್ಟಿಗೆ ಈ ಊರಿಗೇ ಇರಲಿ.”

ಹಣಮೇಶನ ಕಣ್ಣಲ್ಲಿ ನೀರು ಬಂತು. “ನಾಳಿಗೇ ಗ್ರಂಥಾಲಯದ ಮ್ಯಾಲ ಮತ್ತ ಕೂಡಸ್ತೇನ್ರಿ ಸರ್.”

“ಗ್ರಂಥಾಲಯ? ಅಲ್ಲಿ ಎಷ್ಟು ತೋರಿಸಿತ್ತು?”

“ಇವತ್ತೊಂದಿನ ಸೊನ್ನಿರಿ. ಆದ್ರ ನಲವತ್ತು ದಿನ—”

“ಸಾಹೇಬ್ರ,” ಎಂದು ಭಗವಂತರಾಯ ನಡುವೆ ಬಂದ. ಊರೊಳಗೆ ಆ ಪೆಟ್ಟಿಗೆ ದಿನಾ ಜಾಗ ಕೇಳುತ್ತಾ ಕೂತಿರುವುದು ಅವನಿಗೆ ಬೇಡವಾಗಿತ್ತು. ಇವತ್ತು ಸೊನ್ನೆ ಎಂದದ್ದು ನಾಳೆ ಏನೆನ್ನುತ್ತದೋ ಯಾರು ಬಲ್ಲರು. “ಊರಾಗ ಒಂದಿಂಚೂ ಖಾಲಿ ಇಲ್ರಿ. ಇವನೇ ಬರದು ಕೊಟ್ಟಾನ. ಪಂಚಾಯ್ತಿ ಶಿಕ್ಕಾನೂ ಅದ.”

ಸಾಹೇಬರು ಕಾಗದ ಓದಿದರು. ಹಣಮೇಶನ ಸಹಿ ನೋಡಿದರು. “ನೀವೇ ಬರೆದಿದ್ದೀರಲ್ಲ. ಅಲ್ಲಿ ಸೊನ್ನೆ, ಇಲ್ಲಿ ಹನ್ನೊಂದು. ಇನ್ನು ಯೋಚನೆ ಏನಿದೆ?”

ಕಲ್ಪನಾ ಏನೋ ಹೇಳಲು ಬಾಯಿ ತೆರೆದಳು. ಸಾಹೇಬರ ಪೆನ್ನು ಅದಕ್ಕಿಂತ ಜಲ್ದಿ ಇತ್ತು. ಪೆಟ್ಟಿಗೆಯ ಕಾಯಂ ಸ್ಥಳ: ಲಾಲಮ್ಮನ ಕುರಿಹಟ್ಟಿ. ಒಂದು ವರ್ಷ ಕದಲಿಸತಕ್ಕದ್ದಲ್ಲ. ಉಸ್ತುವಾರಿ: ಹಣಮೇಶ, ದಿನಂಪ್ರತಿ ಹಾಜರಿರತಕ್ಕದ್ದು. ಕೊಳವೆಯ ಬುಡಕ್ಕೆ ಅಲ್ಲೇ ಸಿಮೆಂಟು ಸುರಿದರು.

ಸಭೆ ನಡೆದದ್ದು ಊರಿನ ಪೆಂಡಾಲಿನಲ್ಲಿ. ಆಕಾಶದ ಖಾಲಿ ಜಾಗದ ಬಗ್ಗೆ ಸಾಹೇಬರು ಒಂದೂಕಾಲು ಗಂಟೆ ಮಾತಾಡಿದರು. ಜನ ಬಾಯಿ ತೆರೆದು ಕೇಳಿದರು. ಕೆಲವರು ಹಾಗೆಯೇ ನಿದ್ದೆಹೋದರು. ಹಣಮೇಶ ಕೊನೆಯ ಸಾಲಿನಲ್ಲಿ ಕುಳಿತಿದ್ದ. ಭಾಷಣ ಮುಗಿದು ಜೀಪು ಹೊರಡುವ ಹೊತ್ತಿಗೆ ಕಲ್ಪನಾ ಬಂದು ತನ್ನ ಫೋನು ಅವನ ಮುಂದೆ ಹಿಡಿದಳು. ಬಂಡೆಗಳ ಸಂದಿನಿಂದ ಹೇಗೋ ನುಸುಳಿ ಮೇಲಿನ ಆಫೀಸಿನ ಉತ್ತರ ಬಂದಿತ್ತು.

“ಬುಕ್ ಮಾಡಿದವರು ಸಿಕ್ರು. ಕಾರ್ಡ್‌ಲೆಸ್ ಮೈಕಿಗಿ. ಮೈಕಿನ ದನಿಗಿ ಅಡ್ಡಿ ಆಗಬಾರ್ದಂತ ಅದಕ್ಕ ದಫ್ತರದಾಗ ಮದಲ ಜಾಗ ಕೊಡ್ತಾರ. ಸುತ್ತ ಒಂದೂವರಿ ಕಿಲೋಮೀಟರ್, ಇವತ್ತು ಮುಂಜಾನಿ ಆರರಿಂದ ಸಂಜಿ ಆರರ ತನಕ.”

“ಯಾರ ಮೈಕು ಮೇಡಂ?”

ಕಲ್ಪನಾ ವೇದಿಕೆಯ ಕಡೆ ನೋಡಿದಳು. ಅಲ್ಲಿ ಅಮೀನುದ್ದೀನ ವೈರು ಸುತ್ತುತ್ತಿದ್ದ.

ಹಣಮೇಶ ಅವನ ಮುಂದೆ ಹೋಗಿ ನಿಂತ. “ಭಾಯಿ, ಮೈಕಿಗಿ ಫಾರ್ಮ್ ತುಂಬಿದ್ಯಾ?”

“ಹೌದಲ್ಲ. ಆಫೀಸಿನೋರು ಕಳಿಸಿದ್ರು. ಹನ್ನೊಂದರಾಗ ಯಾವ ಪಟ್ಟಿ ಬೇಕು ಅಂತ ಕೇಳಿತ್ತು. ನನಗೇನ್ ತಿಳೀತದ? ಸಾಹೇಬ್ರ ಭಾಷಣ, ನಡುವ ದನಿ ನಿಂತ್ರ ನನ್ನ ಇಜ್ಜತ್ ಹೋಗ್ತದ ಅಂತ ಹನ್ನೊಂದಕ್ಕೂ ಟಿಕ್ ಹಾಕ್ದೆ.”

ಹಣಮೇಶನಿಗೆ ಸಿಟ್ಟೂ ಬರಲಿಲ್ಲ. ಊರ ಮೇಲಿನ ಇಡೀ ಆಕಾಶ ಬೆಳಗಿನಿಂದ ಒಬ್ಬ ಮನುಷ್ಯನ ಮಾತಿಗಾಗಿ ಕೈಕಟ್ಟಿ ನಿಂತಿತ್ತೆಂದು ನೆನೆದು ಅವನು ದಂಗಾಗಿದ್ದ. “ಹೋಗ್ಲಿ ಬಿಡು,” ಎಂದ, ಸೋತ ದನಿಯಲ್ಲಿ. “ಮೈಕಾದ್ರೂ ಚಲೋ ನಡೀತಲ್ಲ. ದನಿ ಎಲ್ಲೂ ಕಟ್ಟಾಗಲಿಲ್ಲ.”

“ವೈರಿನ ಮೈಕು ಹೆಂಗ ಕಟ್ಟಾಗ್ತದ ಭಾಯಿ?” ಎಂದ ಅಮೀನುದ್ದೀನ, ವೈರಿನ ಸುರುಳಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತ. “ಕಾರ್ಡ್‌ಲೆಸ್ ಡಬ್ಬಿ ತೆರದೇ ಇಲ್ಲ. ಅದರ ಸೆಲ್ ತರೋದು ಮರ್ತು ಬಂದೀನಿ.”

ಕಲ್ಪನಾಳ ಫೋನಿನಲ್ಲಿ ಆರು ಗಂಟೆ ಆಯಿತು. ಅವಳು ಗ್ರಂಥಾಲಯದ ಜಾಗ ಬರೆದು ದಫ್ತರಕ್ಕೊಂದು ಪ್ರಶ್ನೆ ಕಳಿಸಿ, ಉತ್ತರ ಬಂದ ಮೇಲೆ ಹಣಮೇಶನಿಗೆ ತೋರಿಸಿದಳು. ಹನ್ನೊಂದು ಸಾಲು. ಹಣಮೇಶ ತಲೆ ಎತ್ತಿದ. ಬೆಳಗಿನಿಂದ ಯಾರೂ ಕಾಲಿಡದ ಹನ್ನೊಂದು ಪಟ್ಟಿಗಳ ಮೇಲೆ ಸಂಜೆಯ ಬಿಸಿಲು ಬಿದ್ದು, ಆಕಾಶ ಈ ತುದಿಯಿಂದ ಆ ತುದಿಯವರೆಗೆ ಕೆಂಪಾಗಿ, ಕಣ್ಣು ತುಂಬುವಷ್ಟು ಖಾಲಿಯಾಗಿತ್ತು. ಎಷ್ಟು ಹೊತ್ತು ನೋಡಿದರೂ ಸಾಕಾಗಲಿಲ್ಲ.

ಮರುದಿನ ಬೆಳಿಗ್ಗೆ ಕೋಣಗಲ್ಲದ ಮುದುಕರೂ ಮೊಣಕಾಲು ನೋವಿನವರೂ ಅಕ್ಕಿಗೆಂದು ಖಾಲಿ ಚೀಲ ಹಿಡಿದು, ಹೆಬ್ಬೆಟ್ಟು ಒತ್ತಲು ಹಳ್ಳ ದಾಟಿ, ಕಾಲುವೆ ದಾಟಿ, ಎರಡು ಕಿಲೋಮೀಟರ್ ದೂರದ ಕುರಿಹಟ್ಟಿಗೆ ನಡೆದರು. ಗ್ರಂಥಾಲಯದ ಕುರ್ಚಿಯನ್ನು ತಲೆಯ ಮೇಲೆ ಹೊತ್ತುಕೊಂಡು ಹಣಮೇಶ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದ.